ಮೂವತ್ತೊಂದು ಹೆಸರಿಗೆ ಒಂದೇ ನಂಬರ್

ಜನವರಿ 6, ಬೆಳಿಗ್ಗೆ 7.10. ಶುರುವಾಗಿದ್ದು ಆಗ. ಪೊನ್ನಂಪೇಟೆಯಿಂದ ಹೊರಟ ನಮ್ಮ ಆರೋಗ್ಯ ವ್ಯಾನು ಎಸ್ಟೇಟಿನ ಕಾಫಿ ಕಣದಲ್ಲಿ ನಿಂತಿತು. ಲೈನ್ ಮನೆಗಳಲ್ಲಿರುವ ಕೆಲಸಗಾರರನ್ನು ಟ್ಯಾಬ್‌ನಲ್ಲಿ ಆರೋಗ್ಯ ದಾಖಲೆಗೆ ನೋಂದಾಯಿಸುವುದು ನನ್ನ ಕೆಲಸ. ಮೂವತ್ತೆಂಟು ಜನ ಬಂದಿದ್ದರು. ಯಂತ್ರ ಗುರುತಿಸಿದ್ದು ಏಳು ಜನರ ಬೆರಳನ್ನು ಮಾತ್ರ. ಉಳಿದವರ ಬೆರಳ ತುದಿ ಕೆಲಸದಲ್ಲಿ ಸವೆದುಹೋಗಿತ್ತು.

"ಬೆರಳಚ್ಚೆಲ್ಲ ಗಿಡದ ಮೇಲೇ ಬಿಟ್ಟು ಬಂದಿದೀವಿ, ಅಲ್ಲಿಗೇ ಮಿಷನ್ ಹಿಡೀರಿ" ಎಂದರು ಒಬ್ಬ ಅಜ್ಜಿ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಬೆರಳು ಆಗದಿದ್ದರೆ ಮೊಬೈಲ್‌ಗೆ ಒಟಿಪಿ. ಹೆಚ್ಚಿನವರಿಗೆ ಫೋನಿಲ್ಲ, ಇದ್ದವರಿಗೂ ಲೈನ್ ಮನೆಗಳಲ್ಲಿ ಸಿಗ್ನಲ್ ಇಲ್ಲ. ಹಾಜರಿ ನೋಡುವ ರೈಟರ್ ತಮ್ಮ ನಂಬರ್ ಕೊಟ್ಟರು. ರೇಷನ್, ಗ್ಯಾಸ್, ಎಲ್ಲದಕ್ಕೂ ಅದೇ ನಂಬರಂತೆ. ಬೆಳಿಗ್ಗೆ ಹಾಜರಿ ಕೂಗಿದ ಮೇಲೆ, ಬಂದ ಮೆಸೇಜುಗಳನ್ನು ಹೆಸರು ಹಿಡಿದು ಓದಿಹೇಳುವುದು ಅಲ್ಲಿಯ ರೂಢಿ. ಮೂವತ್ತೊಂದು ಹೆಸರಿಗೆ ಆ ಒಂದೇ ನಂಬರ್ ಒತ್ತಿದೆ. 'ಬಾಕಿ: ಸೊನ್ನೆ' ಎಂದು ಡೈರಿಯಲ್ಲಿದೆ. ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಜನವರಿ 20. ಹುಣಸೂರು ಕಡೆಯಿಂದ ಕಾಫಿ ಕೊಯ್ಯಲು ಬಂದಿದ್ದ ಒಬ್ಬಳು, ನನ್ನದೇ ವಯಸ್ಸಿನವಳು, ವ್ಯಾನಿನ ಹಿಂದೆ ಕರೆದು ತಿಂಗಳಿಂದ ಕೆಮ್ಮು ಎಂದಳು. ಯಾರಿಗೂ ಹೇಳಬೇಡಿ ಎಂದಳು. ಹೇಳುವುದಿಲ್ಲ ಎಂದೆ. ಕಫ ಪರೀಕ್ಷೆಗೆ ಕಳಿಸಿದೆವು.

ಫೆಬ್ರವರಿ 3. ಮಾತ್ರೆ ಹಿಡಿದು ಹೋದೆ. ಜೊತೆಯಲ್ಲಿದ್ದವರು ಅವಳನ್ನು ಮನೆಯಿಂದ ಹೊರಗೆ ಹಾಕಿದ್ದರು. ಸೌದೆ ಕೊಟ್ಟಿಗೆಯ ಮುಂದೆ ಬೇರೆ ಒಲೆ ಹೂಡಿಕೊಂಡಿದ್ದಳು. ಫಲಿತಾಂಶದ ಮೆಸೇಜು ಮೂರು ದಿನ ಮೊದಲೇ ರೈಟರ್ ಫೋನಿಗೆ ಬಂದಿತ್ತು. ರೇಷನ್ ಮೆಸೇಜಿನ ಹಿಂದೆಯೇ, ಎಂದಿನ ದನಿಯಲ್ಲಿ, ಅದನ್ನೂ ಹೆಸರು ಹಿಡಿದು ಓದಿದ್ದರು: ಕ್ಷಯ ಇದೆ.

"ನಿಮ್ಗೊಬ್ರಿಗೇ ಅಲ್ವಾ ಅಕ್ಕ ನಾನು ಹೇಳಿದ್ದು?"

ನಂಬರ್ ಒತ್ತಿದವಳು ನಾನೇ ಎಂದು ಹೇಳಲಿಲ್ಲ. ಹದಿನಾಲ್ಕು ದಿನದ ಮಾತ್ರೆ ಕೊಟ್ಟು ಬಂದೆ.

ಫೆಬ್ರವರಿ 17. ಅವಳಿಲ್ಲ. ಮಾಕುಟ್ಟ ದಾಟಿ ಕೇರಳಕ್ಕೆ ಹೋಗಿರಬಹುದು ಎಂದರು ಒಬ್ಬರು. ನುಂಗಬೇಕಾದದ್ದು ಆರು ತಿಂಗಳ ಮಾತ್ರೆ. ಅವಳು ಯಾವ ಆಸ್ಪತ್ರೆಗೆ ಹೋದರೂ ದಾಖಲೆ ತೆರೆಯುವ ಒಟಿಪಿ ಬರುವುದು ಈ ಕಣದಲ್ಲಿರುವ ಫೋನಿಗೆ. ನಂಬರ್ ಬದಲಿಸಲು ಅವಳೇ ಎದುರಿಗೆ ಬೇಕು, ಅವಳ ಬೆರಳೂ ಬೇಕು.

ಉಳಿದ ಮೂವತ್ತು ಹೆಸರು ಇನ್ನೂ ಹಾಗೇ ಇವೆ. ಮೇಲಿನವರಿಗೆ ನಾಲ್ಕು ಸಲ ಬರೆದೆ. ಉತ್ತರ: ಸೊನ್ನೆ.

ಫೋನಿಲ್ಲದ, ಬೆರಳು ಸವೆದ ಜನರನ್ನು ಅವರ ಗುಟ್ಟು ಹೊರಬೀಳದಂತೆ ಗುರುತಿಸುವ ದಾರಿ ಯಾರಿಗಾದರೂ ಗೊತ್ತಿದ್ದರೆ ಬರೆಯಿರಿ. ಎಲ್ಲರಿಂದ ದೂರ ಒಲೆ ಹೂಡಿಕೊಂಡು ಕೆಮ್ಮುವ ಹೆಂಗಸೊಬ್ಬಳು ನಿಮ್ಮ ಕಡೆ ಕೆಲಸಕ್ಕೆ ಬಂದಿದ್ದರೆ, ಅದನ್ನೂ ಬರೆಯಿರಿ.