ತೋಡಿಯ ಬಾಯಿ ಕಟ್ಟಿದವರು

ನಮ್ಮ ವಾಲಗದ ಮೇಷ್ಟ್ರ ಕೆಳತುಟಿಯ ನಡುವೆ ಜೋಳದ ಕಾಳಿನಷ್ಟು ಗಟ್ಟಿಯಾದ ಒಂದು ಗಂಟಿತ್ತು. ಐವತ್ತು ವರ್ಷ ನಾಗಸ್ವರದ ಪೀಪಿ ಕೂತು ಕೂತು ಎದ್ದದ್ದು. ಸುಮ್ಮನೆ ಕೂತಾಗಲೂ ನಾಲಿಗೆಯ ತುದಿಯಿಂದ ಅದನ್ನು ಸವರುತ್ತಿದ್ದರು.

ನಾನು ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ನಾಗಸ್ವರ ಕಲಿಯುವ ಹುಚ್ಚು ಹತ್ತಿದಾಗ ಹಾಸನದಲ್ಲಿ ಇಬ್ಬರು ವಿದ್ವಾಂಸರು, "ವೀಣೆ ಕಲೀರಿ ಮೇಡಂ" ಎಂದು ನಕ್ಕು ಕಳಿಸಿದರು. ನುಗ್ಗೇಹಳ್ಳಿಯ ಈ ಮೇಷ್ಟ್ರು ಮಾತ್ರ, "ಉಸ್ರು ಐತಲ್ಲವ್ವ, ಸಾಕು. ಬಾನ್ವಾರ ಬಾ" ಎಂದರು. ಆರು ವರ್ಷ ಭಾನುವಾರದ ಬಸ್ಸು ತಪ್ಪಿಸಲಿಲ್ಲ.

ಅವರದು ಒಂದೇ ಹಟ. ಶುರು ಮಾಡಿದ್ದನ್ನು ಮುಗಿಸಬೇಕು, ನಡುವೆ ಯಾರೂ ಬಾಯಿ ಹಾಕಬಾರದು. ಅರಕಲಗೂಡಿನ ಮದುವೆಯೊಂದರಲ್ಲಿ ಆಲಾಪನೆ ಏರುತ್ತಿದ್ದಾಗ ಹುಡುಗನ ಸೋದರಮಾವ ಬಂದು, "ಸಾಕು ನಿಲ್ಸಯ್ಯ, ಒಂದು ಸಿನಿಮಾ ಹಾಡು ಊದು" ಎಂದ. ಮೇಷ್ಟ್ರು ಪೀಪಿ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಗಟ್ಟಿಮೇಳದ ಹೊತ್ತಿಗೆ ಹುಡುಗಿಯ ತಂದೆಯೇ ಬಂದು ಕೈಮುಗಿದ ಮೇಲೆ ಮತ್ತೆ ಊದಿದರು.

ಅವರ ವಾದನವನ್ನು ಇಂಟರ್ನೆಟ್ಟಿಗೆ ಹಾಕೋಣವೆಂದು ಹೊರಟವಳು ನಾನು. ದೇವಸ್ಥಾನದ ಜಗಲಿಯಲ್ಲಿ ಒಂದು ಬೆಳಗ್ಗೆ ಮುಕ್ಕಾಲು ಗಂಟೆ ತೋಡಿ ರಾಗ ಊದಿದರು, ಕೊನೆಗೆ ಅವರಪ್ಪ ಕಲಿಸಿದ ಹಳೆಯ ಕೀರ್ತನೆ. ವೀಡಿಯೊ ಹಾಕಲು ಎರಡು ತಾಣಗಳನ್ನು ನೋಡಿಟ್ಟಿದ್ದೆ. ಒಂದು ಸಣ್ಣದು, ವರ್ಷಕ್ಕಿಷ್ಟು ಎಂದು ಕಟ್ಟಬೇಕು, ಜಾಹೀರಾತಿಲ್ಲ, ನೋಡುವವರೂ ಕಡಿಮೆ. ಇನ್ನೊಂದು ಪುಕ್ಕಟೆ, ನಡುನಡುವೆ ಜಾಹೀರಾತು, ಆದರೆ ಊರಿಗೆ ಊರೇ ಅಲ್ಲಿರುತ್ತದೆ. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ನಡುವೆ ಯಾರೂ ಬಾಯಿ ಆಕಲ್ವ?"

"ಇಲ್ಲ ಮೇಷ್ಟ್ರೇ" ಎಂದು ಸುಳ್ಳು ಹೇಳಿ ಪುಕ್ಕಟೆಯದಕ್ಕೇ ಹಾಕಿದೆ. ಸಾವಿರಾರು ಜನ ನೋಡಲಿ ಎಂಬ ಆಸೆ. ಆ ಆಸೆಗೆ ಬೆಂಕಿ ಬೀಳಲಿ.

ಅವರ ಮನೆಯಲ್ಲೇ ಎಲ್ಲರೂ ಕೂತು ನೋಡಿದೆವು. ತೋಡಿ ಮೇಲಿನ ಷಡ್ಜಕ್ಕೆ ಇನ್ನೇನು ಮುಟ್ಟಬೇಕು, ಬನಿಯನ್ ತೊಟ್ಟ ಒಬ್ಬ ದಾಂಡಿಗ ತೆರೆಯ ಮೇಲೆ ಜಿಗಿದು ಕುಣಿದ. "ಇವ್ನ್ಯಾವನವ್ವ?" ಎಂದು ಕೇಳಿ ಮೇಷ್ಟ್ರು ಎದ್ದು ಹಿತ್ತಲಿಗೆ ಹೋದರು.

ಅದಾದರೂ ಸಹಿಸಬಹುದಿತ್ತು. ಮೂರನೆಯ ದಿನ ತಾಣದಿಂದ ನೋಟೀಸು ಬಂತು. ಆ ಕೀರ್ತನೆ ಯಾವುದೋ ಕ್ಯಾಸೆಟ್ ಕಂಪನಿಗೆ ಸೇರಿದ್ದಂತೆ! ಹೇಳಿದ್ದು ಮನುಷ್ಯನೂ ಅಲ್ಲ, ಒಂದು ಯಂತ್ರ. ಇಡೀ ವೀಡಿಯೊದ ಧ್ವನಿಯನ್ನೇ ತೆಗೆದುಹಾಕಿದ್ದರು. ಕೆನ್ನೆ ಉಬ್ಬುತ್ತಿದೆ, ಬೆರಳು ಓಡುತ್ತಿದೆ, ಪಕ್ಕದಲ್ಲಿ ಡೋಲಿನವನ ಕೈ ಏಳುತ್ತಿದೆ, ಒಂದು ಚೂರೂ ಸದ್ದಿಲ್ಲ. ಹತ್ತು ತಲೆಮಾರು ಊದಿದ್ದಕ್ಕೆ ಈ ಕಂಪನಿ ಎಲ್ಲಿಂದ ಯಜಮಾನನಾಯಿತು?

ಮೇಷ್ಟ್ರು ಆ ನೋಟೀಸನ್ನು ನನ್ನಿಂದ ಎರಡು ಸಲ ಓದಿಸಿದರು. "ಅಂಗಾದ್ರೆ ನಾನು ಕದ್ದೆ ಅಂತಾರ?"

"ತಕರಾರು ಹಾಕೋಣ" ಎಂದೆ. ಅದಕ್ಕೊಂದು ಫಾರಂ. ಅದರ ಮೊದಲ ಪ್ರಶ್ನೆ, ಇದು ನಿಮ್ಮ ಸ್ವಂತದ್ದೇ? 'ಹೌದು' ಒತ್ತಲು ಹೋದರೆ ಮೇಷ್ಟ್ರು ನನ್ನ ಕೈ ಹಿಡಿದರು.

"ನಂದು ಅಂತ ಒತ್ಬ್ಯಾಡ ಕಣವ್ವ. ಅದು ನಮ್ಮಪ್ಪಂದು, ಅವ್ರಪ್ಪಂದು. ಒಳೇನರ್ಸೀಪುರಕ್ಕೆ ಮದ್ವೆ ವಾಲಗಕ್ಕೆ ನಡ್ಕಂಡು ಓಗ್ತಾ ನಮ್ಮಪ್ಪ ದಾರಿ ಉದ್ದಕ್ಕೂ ಏಳ್ಕೊಟ್ಟಿದ್ದು. ಒಂದಿನಾನೂ ನಂದು ಅಂದಿಲ್ಲ. ಈಗ ಅಂದ್ರೆ ನಾನು ನಿಜವಾಗ್ಲೂ ಕಳ್ಳ ಆಗ್ಬುಡ್ತೀನಿ."

ನಾನು ಅವರ ಮಾತು ಮೀರದೆ 'ಇಲ್ಲ' ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ತಕರಾರು ವಜಾ.

ಆ ಫಾರಂ ಕೇಳಿದ್ದು ಕೀರ್ತನೆ ಯಾರದೆಂದು ಮಾತ್ರವಲ್ಲ, ಆ ಬೆಳಗ್ಗೆ ಊದಿದ್ದು ಯಾರು ಎಂದೂ ಹೌದು. ಊದಿದವರು ಅವರೇ, ಉಸಿರು ಅವರದೇ. ಇದನ್ನು ಬಿಡಿಸಿ ಹೇಳಿದ್ದರೆ ಮೇಷ್ಟ್ರು ಖಂಡಿತ ಒಪ್ಪುತ್ತಿದ್ದರು. ಸಂಬಳ ತೆಗೆದುಕೊಂಡು ಕಂಪ್ಯೂಟರ್ ಪಾಠ ಹೇಳುವ ನನಗೆ ಅದು ಹೊಳೆದದ್ದು ವಾಪಸು ಬರುವಾಗ, ಬಸ್ಸಿನಲ್ಲಿ. ಆಮೇಲೆ ಎಷ್ಟು ಪತ್ರ ಬರೆದರೂ ಯಂತ್ರ ಅದೇ ನಾಲ್ಕು ಸಾಲು ಕಳಿಸಿತು. ಸಣ್ಣ ತಾಣಕ್ಕೆ ದುಡ್ಡು ಕಟ್ಟಿ ಅಲ್ಲಿ ಹಾಕಿದೆ. ಮೇಷ್ಟ್ರು ಅದನ್ನು ನೋಡಲೂ ಇಲ್ಲ.

ಅಷ್ಟರಲ್ಲಿ ಆ ಮೂಗ ವೀಡಿಯೊ ಊರವರ ಫೋನುಗಳಲ್ಲೆಲ್ಲ ಓಡಾಡಿತ್ತು. ಮದುವೆಮನೆಗಳಲ್ಲಿ ಪಡ್ಡೆಗಳು, "ಸೌಂಡ್ ಬಿಡಿ ತಾತ" ಎಂದು ಕಿಸಿಯುತ್ತಿದ್ದರು. ನಾನು ಮೊಸಳೆ ಎಂಬ ಊರಿನ ದೇವಸ್ಥಾನದಲ್ಲಿ ಇನ್ನೊಮ್ಮೆ ರೆಕಾರ್ಡ್ ಮಾಡೋಣವೆಂದು ಅಂಗಲಾಚಿದೆ. "ಬ್ಯಾಡ ಬುಡವ್ವ. ಈ ವಯಸ್ನಲ್ಲಿ ಕಳ್ಳ ಅನ್ನಿಸ್ಕಂಡಿದ್ದು ಸಾಕು" ಎಂದರು. ಪಾಠ ಮಾತ್ರ ನಿಲ್ಲಿಸಲಿಲ್ಲ.

ಮರುವರ್ಷ ಜ್ವರ ಎಂದು ಮಲಗಿದವರು ಏಳಲಿಲ್ಲ. ಅಪ್ಪನಿಂದ ಬಂದ ಕೀರ್ತನೆಗಳು ಅವರಲ್ಲಿ ಐವತ್ತಕ್ಕೂ ಮೇಲಿದ್ದವು. ಅವರು ನನ್ನ ಬಾಯಿಗೆ ಹಾಕಿ ಹೋದದ್ದು ಏಳು. ಮಿಕ್ಕವನ್ನು ಯಾವ ಕಂಪನಿಯೂ ಇನ್ನು ತನ್ನದೆನ್ನಲಾರದು, ಅವು ಯಾರಿಗೂ ಬರುವುದಿಲ್ಲ. ಅವರನ್ನು ಕಳ್ಳರೆಂದದ್ದು ಯಂತ್ರ. 'ಇಲ್ಲ' ಒತ್ತಿ ಅದನ್ನು ಹೌದೆಂದು ಒಪ್ಪಿಕೊಂಡವಳು ನಾನು.