ಸ್ತೆಪನೀಡಾ ಹಾಡಿದ ಎರಡು ಹೆಸರು

ಕರಗಂಡದ ಬಯಲಿನಲ್ಲಿದ್ದ ಕೈದಿ ಹೆಂಗಸರ ಶಿಬಿರಕ್ಕೆ ಬಂದಾಗ ಸ್ತೆಪನೀಡಾಗೆ ಮೂವತ್ತೊಂಬತ್ತು ವರ್ಷ. ಊರು ದೂರದ ತಾಂಬೊವ್ ಕಡೆ. ಮದುವೆಯಾಗಿರಲಿಲ್ಲ. ಪಾದ್ರಿಯಾಗಿದ್ದ ಅಣ್ಣ ಲಿಯೊಂತಿಯ ಮನೆ ನೋಡಿಕೊಂಡು, ಪೂಜೆಯ ರೊಟ್ಟಿ ಸುಟ್ಟುಕೊಡುತ್ತ, ಚರ್ಚಿನಲ್ಲಿ ಇಪ್ಪತ್ತು ವರ್ಷ ಹಾಡಿದವಳು. ಸರ್ಕಾರ ಚರ್ಚಿಗೆ ಬೀಗ ಹಾಕಿ ಅದನ್ನು ಧಾನ್ಯದ ಉಗ್ರಾಣ ಮಾಡಿದ ಮೇಲೆ ಅಣ್ಣ ಮನೆಯೊಳಗೇ ಪ್ರಾರ್ಥನೆ ನಡೆಸುತ್ತಿದ್ದ. ಸಾವಿರದ ಒಂಬೈನೂರ ಮೂವತ್ತೇಳನೇ ಇಸವಿಯಲ್ಲಿ ಇಬ್ಬರನ್ನೂ ಹಿಡಿದುಕೊಂಡು ಹೋದರು.

ವಿಚಾರಣೆಯ ಕೋಣೆಯಲ್ಲಿ ಅಧಿಕಾರಿ ಅವಳ ಮುಂದೆ ಒಂದು ಹಾಳೆ ತಳ್ಳಿದ. ಪಾದ್ರಿ ಸರ್ಕಾರದ ವಿರುದ್ಧ ಜನರನ್ನು ಎತ್ತಿಕಟ್ಟುತ್ತಾನೆ ಎಂದು ಅದರಲ್ಲಿತ್ತು. ಕೆಳಗೆ ಪಕ್ಕದ ಮನೆಯ ಕಪಿತೊಲೀನಾಳ ಸಹಿ. ಅವಳ ಮಗಳು ತೈಸಿಯಾ, ಮಗ ಗ್ಲೇಬ್ ಇಬ್ಬರಿಗೂ ದೀಕ್ಷಾಸ್ನಾನ ಮಾಡಿಸಿದವನು ಇದೇ ಲಿಯೊಂತಿ. ಸ್ತೆಪನೀಡಾಗೆ ಹತ್ತು ವರ್ಷ ಶಿಕ್ಷೆಯಾಯಿತು. ಅಣ್ಣನನ್ನು ಗುಂಡಿಟ್ಟು ಕೊಂದರೆಂಬುದು ಅವಳಿಗೆ ಗೊತ್ತಾದದ್ದು ರೈಲಿನಲ್ಲಿ, ಅದೇ ಜೈಲಿನಿಂದ ಬಂದಿದ್ದ ಇನ್ನೊಬ್ಬ ಹೆಂಗಸಿನ ಬಾಯಿಂದ.

ಶಿಬಿರದಲ್ಲಿ ಅವಳಿಗೆ ಹಸಿ ಇಟ್ಟಿಗೆಯ ಕೆಲಸ. ಗುಂಡಿಗಿಳಿದು ಹುಲ್ಲು ಬೆರೆಸಿದ ಕೆಸರನ್ನು ಬರಿಗಾಲಲ್ಲಿ ತುಳಿಯಬೇಕು. ಮೂರು ವರ್ಷ ತುಳಿದಳು. ಆಮೇಲೆ ಒಂದು ಚಳಿಗಾಲ ಹೊಸ ಕೈದಿಗಳ ತಂಡವೊಂದು ಬಂತು. ಅದರಲ್ಲಿ ಎಡಗಾಲು ಸ್ವಲ್ಪ ಎಳೆದು ನಡೆಯುವ ಹೆಂಗಸನ್ನು ಕಂಡ ಸ್ತೆಪನೀಡಾಳ ಕೈಯಿಂದ ಗಂಜಿಯ ಬಟ್ಟಲು ಜಾರಿತು. ಕಪಿತೊಲೀನಾ. ಸಹಿ ಹಾಕಿದವಳನ್ನೂ ಅವರು ಬಿಟ್ಟಿರಲಿಲ್ಲ.

ಸ್ತೆಪನೀಡಾ ತಾನಾಗಿ ಯಾರಿಗೂ ಹೇಳಲಿಲ್ಲ. ಆದರೆ ಪಕ್ಕದ ಹಲಗೆಯಲ್ಲಿ ಮಲಗುತ್ತಿದ್ದ ಮುದಿ ಸನ್ಯಾಸಿನಿ ಉಲ್ಯಾನಾ ಅವಳ ಮುಖ ನೋಡಿಯೇ ಕೆದಕಿ ಕೆದಕಿ ಕೇಳಿ ಬಾಯಿ ಬಿಡಿಸಿದಳು. ಗೋಡೆಗೂ ಕಿವಿಯಿದ್ದ ಜಾಗ ಅದು. ಮಾರನೇ ದಿನವೇ ಒಲೆಯ ಹತ್ತಿರ ಬಂದ ಕಪಿತೊಲೀನಾಳನ್ನು ಹೆಂಗಸರು ಆಚೆ ನೂಕಿದರು.

"ಸಹಿಯಮ್ಮ ಬಂದ್ಲು, ಬಾಯಿ ಮುಚ್ಕೊಳ್ರೇ" ಎಂದು ಒಬ್ಬಳು ಕುಟುಕಿದಳು.

ಅಂದಿನಿಂದ ಅದೇ ಅವಳ ಹೆಸರಾಯಿತು.

ಈಸ್ಟರಿನ ದೊಡ್ಡ ಉಪವಾಸ ಶುರುವಾಗುವ ಮುಂಚಿನ ಭಾನುವಾರ ಒಬ್ಬರಿಗೊಬ್ಬರು ತಲೆಬಾಗಿ ಕ್ಷಮೆ ಕೇಳುವುದು ಪದ್ಧತಿ. ಬೆಳಗ್ಗೆ ಕೈದಿಗಳನ್ನು ಎಣಿಸುವ ಮೊದಲು ಹೆಂಗಸರು ಹಲಗೆಗಳ ನಡುವೆ ಸದ್ದಿಲ್ಲದೆ ಅದನ್ನು ನಡೆಸುತ್ತಿದ್ದರು. ಕಪಿತೊಲೀನಾ ಎಲ್ಲರನ್ನೂ ದಾಟಿ ಬಂದು ಸ್ತೆಪನೀಡಾಳ ಮುಂದೆ ನೆಲಕ್ಕೆ ಹಣೆ ಹಚ್ಚಿದಳು.

"ಅಕ್ಕಾ, ನನ್ನ ಕ್ಷಮಿಸು."

"ದೇವ್ರು ಕ್ಷಮಿಸ್ತಾನೆ" ಎಂದಳು ಸ್ತೆಪನೀಡಾ. ಪದ್ಧತಿಯಂತೆ ಅದರ ಜೊತೆಗೇ ಹೇಳಬೇಕಾದ 'ನಾನೂ ಕ್ಷಮಿಸಿದೆ' ಎಂಬ ಉಳಿದ ಮಾತು ಬರಲಿಲ್ಲ.

"ಅಷ್ಟೇನಾ ಅಕ್ಕಾ?"

"ಅಷ್ಟೇ."

ಆಮೇಲೆ ಉಲ್ಯಾನಾ ಬಿಡಲಿಲ್ಲ. "ಅರ್ಧ ಮಾತಾಡಿ ಕಳಿಸಿದ್ಯಲ್ಲೇ."

"ಇನ್ನರ್ಧ ಅಣ್ಣನ ಹತ್ರ ಇದೆ ಅಮ್ಮ. ಅವನನ್ನೇ ಕೇಳ್ಕೊಳ್ಳಲಿ."

"ಅವನು ಆಗ್ಲೇ ಕೊಟ್ಟಿರ್ತಾನೆ. ಜಿಪುಣಿ ನೀನು."

ಸ್ತೆಪನೀಡಾ ಗೋಡೆ ಕಡೆ ತಿರುಗಿದಳು. ದಿನಾ ಪ್ರಾರ್ಥನೆ ಹೇಳುವ ಅದೇ ಬಾಯಿಗೆ ಈ ಎರಡು ಪದ ಬಾರದಲ್ಲ ಎಂದು ಅವಳಿಗೇ ನಾಚಿಕೆ. ಆದರೂ ಬರಲಿಲ್ಲ.

ಅಕ್ಟೋಬರಿನಲ್ಲಿ, ಮೊದಲ ಹಿಮದ ಪುಡಿ ಬಿದ್ದ ಹೊತ್ತಿಗೆ, ಕಪಿತೊಲೀನಾಗೆ ಒಂದು ಕಾಗದ ಬಂತು. ಮಧ್ಯಾಹ್ನದ ಬಿಡುವಿನಲ್ಲಿ ಅವಳು ಇಟ್ಟಿಗೆ ಗುಂಡಿಯ ಅಂಚಿಗೆ ಬಂದು ನಿಂತಳು.

"ಕ್ಷಮಿಸು ಅಂತ ಕೇಳೋಕೆ ಬಂದಿಲ್ಲ ಅಕ್ಕಾ. ನನ್ನ ತೈಸಿಯಾ ಹೋದ್ಲು. ಅನಾಥಾಲಯದಲ್ಲಿ ದಡಾರ ಬಂದಿತ್ತಂತೆ. ಸತ್ತೋರ ಪ್ರಾರ್ಥನೆ ಇಲ್ಲಿ ಪೂರ್ತಿ ಹಾಡೋಕೆ ಬರೋದು ನಿಂಗೊಬ್ಳಿಗೇ."

ಗುಂಡಿಯಿಂದ ಮೇಲೇರಲು ಎತ್ತಿದ್ದ ಕಾಲನ್ನು ಸ್ತೆಪನೀಡಾ ಮತ್ತೆ ಕೆಸರಿಗಿಳಿಸಿದಳು.

"ಸಹಿ ಹಾಕದಿದ್ರೆ ಮಕ್ಕಳನ್ನ ಕಿತ್ಕೊಂಡು ಹೋಗ್ತೀವಿ ಅಂದ್ರು. ಹಾಕಿದೆ. ಆಮೇಲೂ ಕಿತ್ಕೊಂಡ್ರು."

ಸ್ತೆಪನೀಡಾಳ ಕಣ್ಣಿಗೆ ಕಟ್ಟಿದ್ದು ಆ ಸಹಿಯಲ್ಲ. ಪೂಜೆಗೆ ಸಲ್ಲದ ಸೊಟ್ಟ ರೊಟ್ಟಿಗಾಗಿ ಒಲೆಯ ಪಕ್ಕ ಕಾದು ಕೂರುತ್ತಿದ್ದ, ಮುಂದಿನ ಹಲ್ಲಿಲ್ಲದ ಹುಡುಗಿ. ಮೊಣಕಾಲವರೆಗೆ ಕೆಸರಿನಲ್ಲಿ ನಿಂತೇ ಅವಳು ಹಾಡತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ದನಿ ತಾನಾಗಿ ಏರಿತು. ಸತ್ತವರ ಹೆಸರು ಹೇಳುವ ಕಡೆ ಬಂದಾಗ "ಮಗು ತೈಸಿಯಾ" ಎಂದಳು. ಅದರ ಬೆನ್ನಿಗೇ "ಪಾದ್ರಿ ಲಿಯೊಂತಿ" ಎಂಬುದೂ ಹೊರಬಿತ್ತು. ಹೆಸರು ಹಾಡಿದರೆ ಅಣ್ಣ ನಿಜವಾಗಿಯೂ ಸತ್ತಂತೆ ಎಂದು ಅಷ್ಟು ವರ್ಷ ಅವಳು ಅದನ್ನು ನುಂಗಿಕೊಂಡಿದ್ದಳು. ಗುಂಡಿಯ ಅಂಚಿನಲ್ಲಿ ಕಪಿತೊಲೀನಾ ಮಣ್ಣಿಗೆ ಮುಖ ಒತ್ತಿ ಬಿದ್ದಿದ್ದಳು.

ಯಾರೋ ಚಾಡಿ ಹೇಳಿದರು. ಮಾರನೇ ಬೆಳಿಗ್ಗೆ ಶಿಬಿರದ ಅಧಿಕಾರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. "ನಿನ್ನೆ ಹಾಡಿದ್ದು ಯಾರು?"

ಸ್ತೆಪನೀಡಾ ಮುಂದೆ ಬರಬೇಕಿತ್ತು. ಬರಲಿಲ್ಲ. ಪ್ರಾರ್ಥನೆ ಹಾಡಿದವರನ್ನು ಕೂಡಿಹಾಕುವ ಒದ್ದೆ ನೆಲದ ಶಿಕ್ಷೆಯ ಕೋಣೆಯಿಂದ ಹೊರಬಂದವರು ಹೇಗಿರುತ್ತಾರೆಂದು ಅವಳು ಕಂಡಿದ್ದಳು. ಅಷ್ಟರಲ್ಲಿ ಎಡಗಾಲು ಎಳೆಯುತ್ತ ಒಬ್ಬಳು ಸಾಲಿನಿಂದ ಹೊರಬಂದಳು.

"ನಾನು."

ಅವಳಿಗೆ ರಾಗದ ಗಂಧವೂ ಇಲ್ಲವೆಂದು ಹೆಂಗಸರಿಗೆಲ್ಲ ಗೊತ್ತಿತ್ತು. ಒಬ್ಬರೂ ಉಸಿರೆತ್ತಲಿಲ್ಲ. ಸ್ತೆಪನೀಡಾಳೂ ಎತ್ತಲಿಲ್ಲ.

ಹತ್ತು ದಿನವಾದ ಮೇಲೆ ಕಪಿತೊಲೀನಾಳನ್ನು ಆ ಕೋಣೆಯಿಂದ ಹೊತ್ತು ತಂದು ರೋಗಿಗಳ ಕೊಠಡಿಯಲ್ಲಿ ಹಾಕಿದರು. ಮೈ ಕೆಂಡದಂತೆ ಸುಡುತ್ತಿತ್ತು. ತನ್ನ ಪಾಲಿನ ರೊಟ್ಟಿಯನ್ನು ಕೈವಸ್ತ್ರದಲ್ಲಿ ಸುತ್ತಿಕೊಂಡು ಹೋದ ಸ್ತೆಪನೀಡಾ ಅವಳ ಹಾಸಿಗೆಯ ಪಕ್ಕ ಮಂಡಿಯೂರಿದಳು.

"ನನ್ನ ಕ್ಷಮಿಸು ಕಾಪಾ. ನಂಗೆ ಬಾಯೇ ಬರ್ಲಿಲ್ಲ."

ಕಪಿತೊಲೀನಾಳ ತುಟಿ ಬಿರಿದು ರಕ್ತ ಒಸರಿತ್ತು. "ನಾನು ಹಾಡಿದ್ರೆ ಕಾಗೆಗಳೂ ಎದ್ದು ಓಡ್ತಾವೆ. ಆ ಪೆದ್ದ ನಂಬಿಬಿಟ್ನಲ್ಲ ಅಕ್ಕಾ." ಕೆಮ್ಮು ಅವಳನ್ನು ಅಲುಗಾಡಿಸಿತು. ಅದು ನಿಂತ ಮೇಲೆ, "ದೇವ್ರು ಕ್ಷಮಿಸ್ತಾನೆ. ನಾನೂ ಕ್ಷಮಿಸ್ದೆ" ಎಂದಳು. ಕಣ್ಣು ಮುಚ್ಚಿತು.

"ನಾನೂ ಕಾಪಾ" ಎಂದಳು ಸ್ತೆಪನೀಡಾ. "ನಾನೂ ಕ್ಷಮಿಸ್ದೆ. ಕೇಳಿಸ್ತಾ?"

ಭುಜ ಹಿಡಿದು ಮತ್ತೆ ಹೇಳಿದಳು. ಕಪಿತೊಲೀನಾ ಆಮೇಲೆ ಎಚ್ಚರಗೊಳ್ಳಲಿಲ್ಲ. ಎರಡನೇ ದಿನ ತೀರಿಕೊಂಡಳು. ಆ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ ಎಂಬುದನ್ನು ಸ್ತೆಪನೀಡಾ ಬದುಕಿದ್ದಷ್ಟು ಕಾಲ ಯೋಚಿಸಿದಳು.

ನಲವತ್ತೇಳನೇ ಇಸವಿಯಲ್ಲಿ ಅವಳ ಬಿಡುಗಡೆಯಾಯಿತು. ಊರಿಗೆ ಹೋಗಲು ಅಪ್ಪಣೆಯಿರಲಿಲ್ಲ. ಕರಗಂಡದಲ್ಲೇ ಒಂದು ಮಣ್ಣಿನ ಕೋಣೆ ಹಿಡಿದು, ಗಣಿ ಕೆಲಸಗಾರರ ಬಟ್ಟೆ ಒಗೆದು ಬದುಕಿದಳು. ಕಪಿತೊಲೀನಾಳ ಮಗ ಗ್ಲೇಬ್ ಎಲ್ಲಿದ್ದಾನೆಂದು ಅನಾಥಾಲಯಗಳಿಗೆಲ್ಲ ಕಾಗದ ಬರೆದಳು. ಒಂಬತ್ತು ವರ್ಷಗಳ ನಂತರ ಅವನೇ ಬಾಗಿಲಿಗೆ ಬಂದ. ಲಾರಿ ಓಡಿಸುತ್ತಿದ್ದನಂತೆ. ಚಹಾ ಮುಟ್ಟದೆ ಕೇಳಿದ:

"ಅಮ್ಮ ಯಾರ ಮೇಲೋ ಸುಳ್ಳು ಬರ್ಕೊಟ್ಟಿದ್ಲಂತೆ. ನಿಜಾನಾ ಅತ್ತೆ?"

"ನಿಜ ಕಣಪ್ಪ. ನನ್ನ ಅಣ್ಣನ ಮೇಲೆ."

ಅವನು ಟೋಪಿ ಎತ್ತಿಕೊಂಡು ಎದ್ದ. ಸ್ತೆಪನೀಡಾ ಅವನ ತೋಳು ಹಿಡಿದಳು. "ಕೂತ್ಕೋ. ಅದು ಮೊದ್ಲ ಭಾಗ ಅಷ್ಟೆ."

ಉಳಿದದ್ದನ್ನೆಲ್ಲ ಹೇಳಿದಳು. ಸಾಲಿನಲ್ಲಿ ತಾನು ಬಾಯಿ ಮುಚ್ಚಿಕೊಂಡು ನಿಂತದ್ದನ್ನೂ ಬಿಡದೆ ಹೇಳಿದಳು.

ಮರುದಿನ ಇಬ್ಬರೂ ಶಿಬಿರದ ಹಳೆಯ ಸ್ಮಶಾನಕ್ಕೆ ಹೋದರು. ಸಂಖ್ಯೆ ಬರೆದಿದ್ದ ಗೂಟಗಳನ್ನು ಯಾರೋ ಸೌದೆಗೆ ಕಿತ್ತುಕೊಂಡು ಹೋಗಿದ್ದರು. ಯಾವ ದಿಬ್ಬ ಯಾರದೆಂದು ಹೇಳುವಂತಿರಲಿಲ್ಲ. ಗ್ಲೇಬ್ ಟೋಪಿ ತೆಗೆದು ಅತ್ತಿತ್ತ ನೋಡಿದ. ಕೊನೆಗೆ ಹತ್ತಿರದ ದಿಬ್ಬದ ಪಕ್ಕ ಕುಳಿತು, ಅದರ ಮೇಲಿನ ಒಣಹುಲ್ಲನ್ನು ಒಂದೊಂದಾಗಿ ಕೀಳತೊಡಗಿದ.