ವೇಗಕ್ಕೆ ಬೀಗ ಹಾಕುವ ಎಂಬತ್ತಕ್ಕ

ಬೆಳಗಿನ ಐದೂಮುಕ್ಕಾಲು. ಲಾರಿ ಕಂಪನಿಯ ಯಾರ್ಡಿನ ದೀಪಗಳು ಇನ್ನೂ ಆರಿಲ್ಲ. ಟ್ರೇಲರ್ ಲಾರಿಯೊಂದರ ಪಕ್ಕ ಮೊಣಕಾಲೂರಿ ಕುಳಿತ ಹೆಂಗಸೊಬ್ಬರು ಟೈರಿನ ಮೇಲೊಂದು, ಅದರ ನೇರಕ್ಕೆ ನೆಲದ ಮೇಲೊಂದು ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. "ಬಿಡಪ್ಪಾ, ಮೆಲ್ಲಗೆ ಬಿಡು... ಹಾಂ, ಸಾಕು!" ಲಾರಿ ಉರುಳುತ್ತದೆ. ಚಕ್ರ ಒಂದು ಸುತ್ತು ಹಾಕಿ ಅದರ ಗೆರೆ ಮತ್ತೆ ನೆಲ ಮುಟ್ಟಿದ ಜಾಗದಲ್ಲಿ ಇನ್ನೊಂದು ಗೆರೆ ಬೀಳುತ್ತದೆ. ಎರಡರ ನಡುವೆ ಟೇಪು ಹಿಡಿದು, ಕನ್ನಡಕ ಹಣೆಗೇರಿಸಿ ಓದುತ್ತಾರೆ: "ಮೂರು ಮೀಟರು, ಹದಿನೇಳು ಸೆಂಟಿಮೀಟರು."

ಈಕೆ ಲಾರಿಗಳಿಗೆ ಸ್ಪೀಡ್ ಗವರ್ನರ್ ಕೂರಿಸುವವರು. ಆ ಪುಟ್ಟ ಡಬ್ಬಿ ಕೂತ ಮೇಲೆ ಚಾಲಕ ಎಷ್ಟೇ ಒತ್ತಿ ತುಳಿದರೂ ಲಾರಿ ಗಂಟೆಗೆ ಎಂಬತ್ತು ಕಿಲೋಮೀಟರ್ ದಾಟುವುದಿಲ್ಲ. ಹಾಗಾಗಿ ಯಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಈಕೆ 'ಎಂಬತ್ತಕ್ಕ'. ವಯಸ್ಸು ಕೇಳಿದರೆ, "ಎಂಬತ್ತಂತೂ ಆಗಿಲ್ಲ, ಐವತ್ತೊಂದು," ಎಂದು ನಗುತ್ತಾರೆ.

ಅಪ್ಪನದು ಮೀಟರ್ ರಿಪೇರಿ ಅಂಗಡಿ. ಸ್ಪೀಡೋಮೀಟರಿನ ಮುಳ್ಳು ನೆಟ್ಟಗೆ ಮಾಡುತ್ತಲೇ ಬೆಳೆದ ಮಗಳು ಅಪ್ಪನ ನಂತರ ಅದೇ ಸ್ಟೂಲಿನ ಮೇಲೆ ಕೂತರು. ಮೀಟರುಗಳು ಮುಳ್ಳು ಬಿಟ್ಟು ಅಂಕಿ ತೋರಿಸತೊಡಗಿದಾಗ ಗಿರಾಕಿಗಳು ಕರಗಿ ಅಂಗಡಿ ಮುಚ್ಚಿತು. ನಲವತ್ತೊಂದರ ವಯಸ್ಸಿನಲ್ಲಿ, ತಮ್ಮ ಮಗಳಿಗಿಂತ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂತು ಕಂಪ್ಯೂಟರ್ ಕಲಿತು ಇಲ್ಲಿ ಕೆಲಸಕ್ಕೆ ಸೇರಿದರು. ಮುಂಜಾನೆ ಬುತ್ತಿ ಕಟ್ಟಿಕೊಡುವುದು ದರ್ಜಿ ಕೆಲಸ ಮಾಡುವ ಗಂಡ. ಅವರು ತೀರಾ ನಿಧಾನಸ್ಥರು. "ಚಹಾಕ್ಕೂ ಗವರ್ನರ್ ಹಾಕಿದೀರೇನ್ರೀ?" ಅಂತ ಈಕೆ ದಿನಾ ರೇಗಿಸುತ್ತಾರೆ.

ಬಂದ ಹೊಸದರಲ್ಲಿ ಚಾಲಕರಿಗೆ ಈಕೆಯನ್ನು ಕಂಡರೆ ಆಗುತ್ತಿರಲಿಲ್ಲ. ಯಾರೋ ಶೆಡ್ಡಿನ ಗೋಡೆಗೆ ಇದ್ದಿಲಿನಲ್ಲಿ 'ಇಲ್ಲಿ ವೇಗಕ್ಕೆ ಬೀಗ ಹಾಕಲಾಗುತ್ತದೆ' ಎಂದು ಬರೆದರು. ಎಂಬತ್ತಕ್ಕ ಅದನ್ನು ಅಳಿಸಲಿಲ್ಲ. ಪೇಂಟರನ್ನು ಕರೆಸಿ, ಅದೇ ಸಾಲನ್ನು ಕೆಂಪು ಬಣ್ಣದಲ್ಲಿ ದುಂಡಗೆ ಬರೆಸಿದರು. ಇನ್ನೊಬ್ಬ, ಡಬ್ಬಿ ಬಿಚ್ಚದಂತೆ ಈಕೆ ಹಾಕಿದ್ದ ಸೀಲು ಮುರಿದು, ಸೋಪಿನಲ್ಲಿ ಕೆತ್ತಿದ ನಕಲಿ ಸೀಲು ಅಂಟಿಸಿದ್ದ. ಮಳೆ ಬಂದದ್ದೇ ತಡ, ಡಬ್ಬಿಯಿಂದ ನೊರೆ! "ಕೆತ್ತನೆ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು," ಎನ್ನುತ್ತಾರೆ.

ಚಾಲಕರ ವಾದಕ್ಕೂ ಹುರುಳಿದೆ. ಎಂಬತ್ತರ ಲಾರಿಯೊಂದು ಎಪ್ಪತ್ತೊಂಬತ್ತರ ಲಾರಿಯನ್ನು ಹಿಂದೆ ಹಾಕಬೇಕಾದರೆ ಎರಡೂ ಜೋಡೆತ್ತುಗಳ ಹಾಗೆ ಮೈಲುಗಟ್ಟಲೆ ಅಕ್ಕಪಕ್ಕ ಓಡುತ್ತವೆ. ಹಿಂದಿನ ಕಾರಿನವರು ಹಾರನ್ ಹೊಡೆದು ಹೊಡೆದು ಸುಸ್ತು. "ಅದು ನಿಜ, ನಾನು ಇಲ್ಲ ಅನ್ನಲ್ಲ," ಎನ್ನುವ ಎಂಬತ್ತಕ್ಕ, ಮರುಕ್ಷಣವೇ ಯಾರ್ಡಿನ ಉದ್ದಕ್ಕೂ ಕೈ ಚಾಚುತ್ತಾರೆ. "ಡಬ್ಬಿ ಇಲ್ದೆ ಖಾಲಿ ಗಾಡಿ ಓಡಿಸಿದ್ರೆ ನೂರಿಪ್ಪತ್ತೂ ದಾಟುತ್ತೆ. ಓಡೋದು ದೊಡ್ಡದಲ್ಲ, ನಿಲ್ಲೋದು ದೊಡ್ಡದು. ಲೋಡ್ ಗಾಡೀಲಿ ಎಂಬತ್ತರಲ್ಲಿ ಬ್ರೇಕ್ ಹಾಕಿದ್ರೆ ಆ ಕಂಬದ ಹತ್ರ ನಿಲ್ತೀರಿ. ನೂರಹತ್ತರಲ್ಲಿ ಹಾಕಿದ್ರೆ ಹೆಚ್ಚುಕಮ್ಮಿ ಅದರ ಎರಡರಷ್ಟು ದೂರ. ಅಷ್ಟರಲ್ಲಿ ಕಾಂಪೌಂಡೂ ಇರಲ್ಲ, ನೀವೂ ಇರಲ್ಲ."

ಈ ಟೇಪು, ಸೀಮೆಸುಣ್ಣ ಬಂದದ್ದು ಕಳೆದ ವರ್ಷ. ಒಬ್ಬ ಚಾಲಕನಿಗೆ ಜೊತೆಯವರು 'ಆಮೆ' ಎಂದು ಹೆಸರಿಟ್ಟಿದ್ದರು. ಅವನ ಲಾರಿ ಎಲ್ಲರಿಗಿಂತ ತಡವಾಗಿ ಬರುತ್ತಿತ್ತು. ನಿಯಮದಂತೆ ಒಂಬತ್ತು ಗಂಟೆ ಓಡಿಸಿದ ಮೇಲೆ ಗಾಡಿ ನಿಲ್ಲಿಸಲೇಬೇಕು. ಅವನ ಮನೆ ಇರುವುದು ಅವನ ರೂಟಿನಲ್ಲೇ, ಯಾರ್ಡಿನಿಂದ ಸರಿಯಾಗಿ ಒಂಬತ್ತು ಗಂಟೆಯ ದೂರದಲ್ಲಿ. ಬೇರೆಯವರಿಗೆ ಸಾಲುವ ಒಂಬತ್ತು ಗಂಟೆ ಅವನಿಗೆ ಸಾಲದು. ಮನೆ ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ಕ್ಯಾಬಿನ್ನಿನಲ್ಲೇ ಮಲಗಬೇಕು. ಮ್ಯಾನೇಜರ್ ಕರೆದು, "ದಾರೀಲಿ ಎಲ್ಲಿ ನಿದ್ದೆ ಹೊಡೀತೀಯಾ? ನಾಳಿದ್ದಿಂದ ನಿಂಗೆ ಆ ರೂಟ್ ಇಲ್ಲ," ಎಂದುಬಿಟ್ಟರು.

ಅವನು ಬಂದು ಎಂಬತ್ತಕ್ಕನ ಎದುರು ನಿಂತ. "ಅಕ್ಕಾ, ದೇವರಾಣೆ, ಮೀಟರು ಎಂಬತ್ತು ಅನ್ನುತ್ತೆ. ಆದ್ರೂ ಎಲ್ರೂ ನನ್ನ ದಾಟ್ಕೊಂಡು ಹೋಗ್ತಾರೆ."

ಸುತ್ತಲಿದ್ದವರು ನಕ್ಕರು. ಈಕೆ ನಗಲಿಲ್ಲ. ಗವರ್ನರ್ ವೇಗ ಲೆಕ್ಕ ಹಾಕುವುದು ಚಕ್ರದ ಸುತ್ತುಗಳಿಂದ. ಟೈರಿನ ಸುತ್ತಳತೆಯನ್ನು ತಾವು ಪಟ್ಟಿ ನೋಡಿ ಡಬ್ಬಿಗೆ ತುಂಬಿದ್ದರೇ ಹೊರತು ಅಳೆದಿರಲಿಲ್ಲ ಎಂಬುದು ನೆನಪಾಯಿತು. ಗೆರೆ ಎಳೆದು ಅಳೆದರೆ, ತುಂಬಿದ್ದಕ್ಕಿಂತ ಹದಿನಾರು ಸೆಂಟಿಮೀಟರ್ ಕಡಿಮೆ! ತುಂಬಿದ್ದು ಬೇರೆ ಸೈಜಿನ ಟೈರಿನ ಅಳತೆ. ಸಾಲದ್ದಕ್ಕೆ ಈ ಟೈರು ಸವೆದೂ ಹೋಗಿತ್ತು. ಮೀಟರಿನ ಎಂಬತ್ತು ನಿಜದಲ್ಲಿ ಎಪ್ಪತ್ತಾರು. ಒಂಬತ್ತು ಗಂಟೆಗೆ ಮೂವತ್ತಾರು ಕಿಲೋಮೀಟರ್ ಖೋತಾ.

ಟೇಪನ್ನು ಕೈಯಲ್ಲೇ ಹಿಡಿದು ಸೀದಾ ಮ್ಯಾನೇಜರ್ ಕೋಣೆಗೆ ಹೋದರು. "ನಿದ್ದೆ ಹೊಡೆದಿದ್ದು ಅವನಲ್ಲ ಸಾರ್, ನಾನು. ತಪ್ಪು ನಂದು." ಮ್ಯಾನೇಜರ್ ಟೇಪಿನತ್ತ ನೋಡಿದರು. "ಉಳಿದ ಗಾಡಿಗಳ ಕಥೆ ಏನಮ್ಮಾ?" ಎಂದಷ್ಟೇ ಕೇಳಿದರು.

ಒಂಬತ್ತು ದಿನದಲ್ಲಿ ಅರವತ್ತೆರಡೂ ಲಾರಿಗಳ ಅಳತೆ ಮುಗಿಯಿತು. ಇನ್ನೂ ಐದು ಲಾರಿಗಳು ನಿಧಾನ. ಮೂರು ಎಂಬತ್ತನಾಲ್ಕರಲ್ಲಿ ಹಾಯಾಗಿ ಓಡುತ್ತಿದ್ದವು. "ಆ ಮೂವರು ಮಾತ್ರ ಒಂದು ದಿನಾನೂ ಕಂಪ್ಲೇಂಟ್ ಕೊಟ್ಟಿರಲಿಲ್ಲ ನೋಡಿ!" ಎಂದು ಎಂಬತ್ತಕ್ಕ ಹೊಟ್ಟೆ ಹಿಡಿದು ನಗುತ್ತಾರೆ.

ರೂಟು ಉಳಿಯಿತು. ಆ ವಾರ ಆಮೆ ಒಂಬತ್ತನೇ ಗಂಟೆಗೆ ತನ್ನ ಮನೆ ಬಾಗಿಲಲ್ಲೇ ಬ್ರೇಕ್ ಹಾಕಿದ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಬಂಪರಿನ ಮೇಲೆ ಕೂತ ಫೋಟೋ ಕಳಿಸಿದ. ಈಕೆಯ ಫೋನಿನಲ್ಲಿ ಅದು ಇನ್ನೂ ಇದೆ. ಈಗ ಚಾಲಕರು ತಾವಾಗಿಯೇ ಬೆಳಗ್ಗೆ ಸಾಲು ಹಚ್ಚುತ್ತಾರೆ. ದಿನಕ್ಕೆ ಆರೇಳು ಲಾರಿ, ವಾರಕ್ಕೊಂದು ಡಬ್ಬಿ ಸೀಮೆಸುಣ್ಣ.

ಇನ್ನೇನು ಆಸೆ ಎಂದು ಕೇಳಿದರೆ ಈಕೆ ಸ್ವಲ್ಪ ನಾಚುತ್ತಾರೆ. ಹತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತೇ ಪರೀಕ್ಷೆ ಮಾಡಿದ್ದಾರೆ. ಟ್ರೇಲರ್ ಓಡಿಸುವ ಲೈಸೆನ್ಸಿಗೆ ಮುಂದಿನ ತಿಂಗಳು ಪರೀಕ್ಷೆಯಂತೆ. ಭಾನುವಾರಗಳಂದು ಖಾಲಿ ಯಾರ್ಡಿನಲ್ಲಿ ಅಭ್ಯಾಸ.

"ಮೊನ್ನೆ ಎಷ್ಟಕ್ಕೆ ಹೋಗಿದ್ದೆ ಗೊತ್ತಾ? ಹದಿನೆಂಟು!" ಧ್ವನಿ ತಗ್ಗಿಸಿ ಹೇಳುತ್ತಾರೆ. "ಅಷ್ಟು ದೊಡ್ಡ ಗಾಡಿ, ನಾನು ಹೇಳಿದ ಕಡೆ ತಿರುಗ್ತು ಕಣ್ರೀ."